ಕಾರೈಕುಡಿಯ ಹಳೇ ಸಾಮಾನಿನ ಬೀದಿ

ಹಳೇ ಹಿತ್ತಾಳೆ ತಪ್ಪಲೆ, ಒಂದು ಕಡೆ ಸವೆದ ಸೌಟು, ಬಣ್ಣ ಹೋದ ತೊಟ್ಟಿಲು, ಮುತ್ತಜ್ಜಿಯ ಕಾಲದ ಸಾಂಬಾರ ಪೆಟ್ಟಿಗೆ - ಇವನ್ನೆಲ್ಲ ನಾವು ಏನು ಮಾಡುತ್ತೇವೆ ಹೇಳಿ? ಅಟ್ಟಕ್ಕೆ ಹಾಕಿ ಮರೆಯುತ್ತೇವೆ. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಕಣ್ಣಿಗೆ ಬಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಿ, ಬಂದ ದುಡ್ಡಿನಲ್ಲಿ ಸ್ಟೀಲ್ ಡಬ್ಬ ತರುತ್ತೇವೆ. ನಾವು ಹೀಗೆ ಬೇಡವೆಂದು ಹಾಕುವ ಸಾಮಾನನ್ನೇ ನಂಬಿಕೊಂಡು ಒಂದು ಬೀದಿಗೆ ಬೀದಿಯೇ ಸಂಸಾರ ನಡೆಸುತ್ತಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಆ ಬೀದಿ ಇರುವುದು ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಕಾರೈಕುಡಿಯಲ್ಲಿ. ಅದರ ಹೆಸರು ಮುನೀಶ್ವರನ್ ಕೋವಿಲ್ ಬೀದಿ.

ಕಾರೈಕುಡಿಗೆ ಜನ ಸಾಮಾನ್ಯವಾಗಿ ಅಲ್ಲಿನ ದೊಡ್ಡ ದೊಡ್ಡ ಮನೆಗಳನ್ನು ನೋಡಲು, ಇಲ್ಲವೇ ಚೆಟ್ಟಿನಾಡಿನ ಊಟ ಮಾಡಲು ಹೋಗುತ್ತಾರೆ. ನಾವು ಹೋದದ್ದು ಅಂಗಡಿ ನಡೆಸುವುದು ಹೇಗೆಂದು ನೋಡಿ ಬರುವುದಕ್ಕೆ. ಅದರ ಕಾರಣ ಮೊದಲು ಹೇಳಿಬಿಡುತ್ತೇನೆ.

ನಮ್ಮ ರಸ್ತೆ, ನಮ್ಮ ಅಂಗಡಿ

ನಮ್ಮದು ಚನ್ನಪಟ್ಟಣ. ಬೊಂಬೆಯ ಊರು ಅಂದರೆ ನಿಮಗೆ ಬೇಗ ಗೊತ್ತಾಗುತ್ತದೆ. ಬೆಂಗಳೂರು-ಮೈಸೂರು ಹಳೆ ರಸ್ತೆಯ ಮಗ್ಗುಲಲ್ಲೇ ನಮ್ಮ ಮನೆ. 1998ರಲ್ಲಿ ನಾನು ಮದುವೆಯಾಗಿ ಬಂದ ವರ್ಷವೇ ನಮ್ಮವರು ಮನೆಯ ಮುಂದಿನ ಕೋಣೆಗೆ ರೋಲಿಂಗ್ ಷಟರ್ ಹಾಕಿಸಿ ಬೊಂಬೆ ಅಂಗಡಿ ತೆರೆದರು. ಹತ್ತು ಅಡಿಗೆ ಹನ್ನೆರಡು ಅಡಿ ಜಾಗ. ಬಂಡವಾಳ ಅಂದರೆ ಅವರು ಕೂಡಿಟ್ಟ ಅಲ್ಪ ಸ್ವಲ್ಪ ಹಣ, ನನ್ನ ಎರಡು ಬಳೆ. ಬೆಳಿಗ್ಗೆ ಹಾಲು ಕಾಯಿಸಿಟ್ಟು ಷಟರ್ ಎತ್ತಿದರೆ ರಾತ್ರಿ ಅನ್ನ ಇಳಿಸುವ ಹೊತ್ತಿಗೆ ಎಳೆಯುವುದು. ಮೈಸೂರಿಗೆ ಹೋಗುವ ಕಾರು, ವ್ಯಾನು, ಶಾಲೆಯ ಪ್ರವಾಸದ ಬಸ್ಸು ಎಲ್ಲವೂ ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದವು. ಮಕ್ಕಳು ಗಲಾಟೆ ಮಾಡಿದರೆ ಸಾಕು, ಕಾರು ನಿಲ್ಲುತ್ತಿತ್ತು. ಗಿರಾಕಿಯನ್ನು ಹುಡುಕಿಕೊಂಡು ಹೋಗುವ ಕೆಲಸ ನಮಗೆ ಬಂದಿರಲೇ ಇಲ್ಲ.

2023ರ ಮಾರ್ಚಿನಲ್ಲಿ ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಬೈಪಾಸ್ ಊರ ಹೊರಗಿನಿಂದ ಹೋಗುತ್ತದೆ. ಮೈಸೂರಿಗೆ ಹೋಗುವವರಿಗೆ ಅನುಕೂಲವೇ, ಇಲ್ಲ ಅನ್ನುವುದಿಲ್ಲ. ನಾವೂ ಅದರಲ್ಲೇ ಹೋಗುತ್ತೇವೆ. ಆದರೆ ಹಳೆ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು. ಭಾನುವಾರ ಮೂವತ್ತು ಜನ ಬರುತ್ತಿದ್ದ ನಮ್ಮ ಅಂಗಡಿಗೆ ನಾಲ್ಕು ಜನ ಬಂದರೆ ಹೆಚ್ಚು. ಮಗ ಆಗ ಕಾಲೇಜಿನ ಎರಡನೇ ವರ್ಷ. ಫೀಸು ಕಟ್ಟುವ ತಿಂಗಳು ಬಂತೆಂದರೆ ನಮ್ಮವರು ಗಲ್ಲಾಪೆಟ್ಟಿಗೆ ತೆರೆದು ನೋಡಿ ಸುಮ್ಮನೆ ಮುಚ್ಚುತ್ತಿದ್ದರು.

ಅದೇ ಹೊತ್ತಿಗೆ ಬೆಂಗಳೂರಿನಿಂದ ಹಳೇ ಸಾಮಾನು ಕೊಳ್ಳುವ ದಲ್ಲಾಳಿಯೊಬ್ಬರು ನಮ್ಮ ಕಡೆ ಓಡಾಡತೊಡಗಿದರು. ಅತ್ತೆಯವರ ತಾಮ್ರದ ಹಂಡೆ, ಕಂಚಿನ ತಟ್ಟೆಗಳು, ಮರದ ರಾಗಿಕಲ್ಲಿನ ಗೂಟ, ಅಟ್ಟದ ಮೇಲಿನ ಬುಟ್ಟಿ ಎಲ್ಲಕ್ಕೂ ಸೇರಿಸಿ ಒಂದು ಬೆಲೆ ಹೇಳಿದರು. ಮಗ, "ಅಮ್ಮಾ, ಅವರಿಗೆ ಯಾಕೆ ಮಾರಬೇಕು? ನಾವೇ ಅಂಗಡಿಯಲ್ಲಿ ಆಂಟಿಕ್ ಸಾಮಾನು ಇಟ್ಟು ಮಾರೋಣ. ಬೊಂಬೆಗಿಂತ ಲಾಭ ಜಾಸ್ತಿ" ಅಂದ. ನಮ್ಮವರಿಗೆ ಅರ್ಧ ಮನಸ್ಸು. ನನಗೆ ಏನೂ ತೋಚಲಿಲ್ಲ. ಆಗ ನಮ್ಮ ಪರಿಚಯದ ಮರಗೆಲಸದವರೊಬ್ಬರು, "ಅದನ್ನೇ ಮಾಡೋರ ಊರಿಗೆ ಒಂದ್ಸಲ ಹೋಗಿ ಬನ್ನಿ ಅಕ್ಕಾ. ಕಾರೈಕುಡಿ ಕೂಡ ದೊಡ್ಡ ರಸ್ತೆ ಮೇಲಿನ ಊರಲ್ಲ. ಆದ್ರೂ ದೂರದಿಂದ ಜನ ಹುಡುಕಿಕೊಂಡು ಹೋಗ್ತಾರೆ" ಅಂದರು. ಹಾಗೆ ಹೊರಟಿತು ನಮ್ಮ ಪ್ರಯಾಣ.

ಮಧುರೆಯ ದಾರಿಯಲ್ಲಿ

2024ರ ಸಂಕ್ರಾಂತಿ ಕಳೆದ ಮೇಲೆ ನಾನು, ನಮ್ಮವರು ಹೊರಟೆವು. ಅಂಗಡಿಗೆ ಮಗ, ಮನೆಗೆ ಅತ್ತೆ. ಮೈಸೂರಿನಿಂದ ಬೆಂಗಳೂರಿನ ಮೇಲೆ ತೂತುಕುಡಿಗೆ ಹೋಗುವ ರಾತ್ರಿ ರೈಲನ್ನು ಬೆಂಗಳೂರಿನಲ್ಲಿ ಹತ್ತಿದರೆ ಬೆಳಿಗ್ಗೆ ಮಧುರೆ. ಮೀನಾಕ್ಷಮ್ಮನ ದರ್ಶನ ಮಾಡಿಕೊಂಡು, ಮಧ್ಯಾಹ್ನ ಬಸ್ಸು ಹಿಡಿದೆವು. ಮಧುರೆಯಿಂದ ಕಾರೈಕುಡಿಗೆ ಸುಮಾರು 90 ಕಿಲೋಮೀಟರು. ಮೇಲೂರು, ತಿರುಪ್ಪತ್ತೂರು ದಾಟಿ ಹೋಗಬೇಕು. ಕಾರೈಕುಡಿ ತಲುಪುವ ಮುಂಚೆ ಪಿಳ್ಳೈಯಾರ್‌ಪಟ್ಟಿ ಎಂಬ ಊರಿದೆ. ಅಲ್ಲಿ ಬಂಡೆಯಲ್ಲೇ ಕಡೆದ ದೊಡ್ಡ ಗಣಪತಿ. ನಾಲ್ಕು ಕೈಯಲ್ಲ, ಎರಡೇ ಕೈ. ಹೊಸ ಕೆಲಸಕ್ಕೆ ಹೊರಟವರು ಇಲ್ಲಿ ಇಳಿದು ಒಂದು ಕಾಯಿ ಒಡೆಸಿ ಮುಂದೆ ಹೋಗುವುದು ಒಳ್ಳೆಯದು ಅನ್ನಿಸಿ ನಾವೂ ಇಳಿದೆವು.

ದಾರಿಯುದ್ದಕ್ಕೂ ಕೆಂಪು ಮಣ್ಣು, ತಾಳೆ ಮರ, ಜಾಲಿ ಪೊದೆ, ಅಲ್ಲಲ್ಲಿ ಕೆರೆ. ಮಳೆ ಕಡಿಮೆಯ ಸೀಮೆ. ಇಂಥ ಒಣ ನೆಲದಲ್ಲಿ ಅರಮನೆಯಂಥ ಮನೆಗಳು ಹೇಗೆ ಎದ್ದವು ಅಂತ ಯಾರಿಗಾದರೂ ಅನ್ನಿಸಬೇಕು.

ಬರ್ಮಾ ದುಡ್ಡಿನ ಮನೆಗಳು

ಈ ಸೀಮೆಗೆ ಚೆಟ್ಟಿನಾಡು ಎಂದು ಹೆಸರು. ಇಲ್ಲಿನ ನಾಟುಕೋಟ್ಟೈ ಚೆಟ್ಟಿಯಾರರು ಬರ್ಮಾ, ಸಿಂಹಳ, ಮಲಯ ದೇಶಗಳಿಗೆ ಹೋಗಿ ಲೇವಾದೇವಿ ನಡೆಸಿ ಹಣ ಮಾಡಿದವರು. ಗಂಡಸರು ವರ್ಷಗಟ್ಟಲೆ ಸಮುದ್ರದಾಚೆ. ಹೆಂಗಸರು ಊರಲ್ಲಿ. ಗಳಿಸಿದ ಹಣದಲ್ಲಿ ಹುಟ್ಟೂರಿನಲ್ಲಿ ಮನೆ ಕಟ್ಟಿದರು. ಬರ್ಮಾದ ತೇಗದ ಕಂಬ, ಇಟಲಿಯ ಅಮೃತಶಿಲೆ, ಬೆಲ್ಜಿಯಂ ಕನ್ನಡಿ. ಗೋಡೆಯ ಗಾರೆಗೆ ಸುಣ್ಣದ ಜೊತೆ ಮೊಟ್ಟೆಯ ಬಿಳಿ, ಅಳಲೆಕಾಯಿ ರಸ ಸೇರಿಸುತ್ತಿದ್ದರಂತೆ. ಇವತ್ತಿಗೂ ಗೋಡೆಯ ಮೇಲೆ ಕೈ ಇಟ್ಟರೆ ಕನ್ನಡಿಯ ಹಾಗೆ ನುಣುಪು, ತಣ್ಣಗೆ.

ನಮ್ಮ ಹಳೇ ಮೈಸೂರಿನ ತೊಟ್ಟಿಮನೆ ನೋಡಿದವರಿಗೆ ಈ ಮನೆಗಳು ಅಪರಿಚಿತ ಅನ್ನಿಸುವುದಿಲ್ಲ. ಮುಂದೆ ಜಗಲಿ, ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಕೋಣೆ. ಆದರೆ ಅಲ್ಲಿ ಒಂದು ತೊಟ್ಟಿ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಮತ್ತೊಂದು ಬೀದಿಗೆ. ಮದುವೆಯಾದ ಒಬ್ಬೊಬ್ಬ ಮಗನಿಗೂ ಒಂದೊಂದು ಕೋಣೆ. ಸೊಸೆ ತವರಿನಿಂದ ತಂದ ಸೀರು ಸಾಮಾನು ಆ ಕೋಣೆಯಲ್ಲಿ. ಹಿತ್ತಾಳೆ, ಕಂಚು, ಎನಾಮಲ್, ಪಿಂಗಾಣಿ ಒಂದೊಂದೂ ಡಜನ್‌ಗಟ್ಟಲೆ. ಬಳಸಿ ಮುಗಿಸುವುದಕ್ಕೆ ಒಂದು ಜನ್ಮ ಸಾಲದು.

1942ರಲ್ಲಿ ಜಪಾನಿ ಸೈನ್ಯ ಬರ್ಮಾವನ್ನು ಹಿಡಿಯಿತು. ಎಷ್ಟೋ ಜನ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಓಡಿ ಬಂದರು. 1948ರಲ್ಲಿ ಬರ್ಮಾ ಸ್ವತಂತ್ರವಾದ ಮೇಲೆ ಅಲ್ಲಿನ ಸರ್ಕಾರ ಜಮೀನನ್ನು ರಾಷ್ಟ್ರೀಕರಣ ಮಾಡಿತು. ವರಮಾನ ನಿಂತಿತು. ಮಕ್ಕಳು ಮದ್ರಾಸಿಗೆ, ವಿದೇಶಕ್ಕೆ ಹೋದರು. ಒಂದು ಮನೆಗೆ ಇಪ್ಪತ್ತು ಮೂವತ್ತು ಜನ ವಾರಸುದಾರರು. ಸುಣ್ಣ ಬಳಿಸುವವರು ಯಾರು? ಕೆಲವು ಮನೆ ಬೀಗ ಹಾಕಿ ನಿಂತಿವೆ, ಕೆಲವು ಹೋಟೆಲ್ ಆಗಿವೆ. ಕೆಲವನ್ನು ಬಿಚ್ಚಿ ಕಂಬ ಬೇರೆ, ಬಾಗಿಲು ಬೇರೆ, ಪಾತ್ರೆ ಬೇರೆ ಮಾಡಿ ಮಾರಿದರು. ಹೀಗೆ ಬಿಚ್ಚಿದ ಮನೆಗಳ ಸಾಮಾನು ಬಂದು ನಿಂತದ್ದೇ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ.

ಬೀದಿಯ ಒಳಗೆ

ಹೊರಗಿನಿಂದ ನೋಡಿದರೆ ನಮ್ಮ ಊರಿನ ಗುಜರಿ ಅಂಗಡಿಗಳ ಸಾಲಿನ ಹಾಗೇ ಕಾಣುತ್ತದೆ. ಒಳಗೆ ಕಾಲಿಟ್ಟರೆ ತಲೆ ಎತ್ತಲೂ ಜಾಗವಿಲ್ಲ. ಮೇಲಿನಿಂದ ಗಾಜಿನ ದೀಪ, ಎನಾಮಲ್ ಕ್ಯಾರಿಯರ್ ನೇತಾಡುತ್ತವೆ. ಗೋಡೆಗೆ ರವಿವರ್ಮನ ಅಚ್ಚಿನ ಲಕ್ಷ್ಮಿ, ಸರಸ್ವತಿ. ಕೆಳಗೆ ಉಪ್ಪಿನಕಾಯಿ ಭರಣಿ, ದೊಡ್ಡ ಉರುಳಿ, ಶ್ಯಾವಿಗೆ ಒತ್ತು, ಒಂದು ಮೊಳದ ಬೀಗದಕೈ, ಮಸಾಲೆಗೆ ಐದು ಗುಂಡಿ ಇರುವ ಮರದ ಪೆಟ್ಟಿಗೆ. ಇದನ್ನು ಅವರು ಅಂಜರೈ ಪೆಟ್ಟಿ ಅನ್ನುತ್ತಾರೆ. ಎನಾಮಲ್ ಪಾತ್ರೆಗಳ ತಳ ತಿರುಗಿಸಿದರೆ ಸ್ವೀಡನ್, ಜೆಕೊಸ್ಲೊವಾಕಿಯಾ, ಜಪಾನ್ ಅಂತ ಮುದ್ರೆ. ಹಡಗಿನಲ್ಲಿ ಬಂದು ಮದುವೆ ಮನೆ ಸೇರಿದ ಪಾತ್ರೆಗಳು.

ಒಂದು ಅಂಗಡಿಯಲ್ಲಿ ಬರ್ಮಾದ ಕೆಂಪು ಬಟ್ಟಲೊಂದು ನನ್ನ ಕಣ್ಣಿಗೆ ಬಿತ್ತು. ಅರಗಿನ ಸಾಮಾನು ಅಂದರೆ ನನಗೆ ನಮ್ಮೂರಿನ ವಿಷಯ. ನಮ್ಮದು ಆಲೆ ಮರವನ್ನು ಲೇತಿನಲ್ಲಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ಕಾವಿಗೆ ಕರಗಿಸಿ ಹಚ್ಚಿ, ಕೇದಗೆಯ ಒಣಗರಿಯಿಂದ ಮಿರುಗು ಬರಿಸುವುದು. ಅರಗು ಬರುವುದು ಮರದ ಕೊಂಬೆಗೆ ಹತ್ತುವ ಹುಳುವಿನಿಂದ. ಬರ್ಮಾದ್ದು ಹಾಗಲ್ಲ. ಬಿದಿರಿನ ಸೀಳನ್ನು ಸುತ್ತಿ ಬಟ್ಟಲು ಮಾಡಿ, ಒಂದು ಜಾತಿಯ ಮರದ ಹಾಲನ್ನು ಪದರ ಪದರವಾಗಿ ಬಳಿದು ಒಣಗಿಸುತ್ತಾರೆ. ಕೈಯಲ್ಲಿ ಹಿಡಿದರೆ ಹೂವಿನ ಹಾಗೆ ಹಗುರ. ನಾನು ಉಗುರಿನಿಂದ ತಟ್ಟಿ ನೋಡಿ ವ್ಯತ್ಯಾಸ ಹೇಳಿದಾಗ ಅಂಗಡಿಯ ಯಜಮಾನರಿಗೆ ಆಶ್ಚರ್ಯ. ಅರವತ್ತು ದಾಟಿದವರು. "ಎಂದ ಊರಮ್ಮಾ?" ಅಂದರು. ಚನ್ನಪಟ್ಟಣ ಅಂದ ಮೇಲೆ ಸ್ಟೂಲು ಹಾಕಿಸಿ, ಕಾಫಿ ತರಿಸಿ ಕೂರಿಸಿಕೊಂಡರು. ನಮ್ಮವರಿಗೆ ತಮಿಳು ಬರುತ್ತದೆ, ಮಾತು ಬೆಳೆಯಿತು.

ಯಜಮಾನರು ಹೇಳಿದ ವ್ಯಾಪಾರ

ಈ ಬೀದಿಯಲ್ಲಿ ಅಂಗಡಿಗಳೆಲ್ಲ ಕುಟುಂಬದವೇ. ಅಪ್ಪ ಕೊಳ್ಳಲು ಹೋದರೆ ಮಗ ಅಂಗಡಿಯಲ್ಲಿ. ಹಿಂದಿನ ಕೋಣೆಯಲ್ಲಿ ಮನೆಯ ಹೆಂಗಸರು ಪಾತ್ರೆ ಉಜ್ಜುತ್ತಾರೆ, ವಿಂಗಡಿಸುತ್ತಾರೆ. ಯಜಮಾನರು ಹೇಳಿದ್ದರಲ್ಲಿ ನಮಗೆ ಉಪಯೋಗಕ್ಕೆ ಬಂದ ಮಾತುಗಳನ್ನು ಇಲ್ಲಿ ಕೊಡುತ್ತೇನೆ.

ಹಳೆಯದು ಹೌದೋ ಅಲ್ಲವೋ ಅಂತ ತಿಳಿಯುವುದು ಕಪ್ಪು ಬಣ್ಣದಿಂದಲ್ಲ. ಹೊಸ ಹಿತ್ತಾಳೆಯನ್ನೇ ಕಪ್ಪು ಮಾಡಿ ಹಳೆಯದೆಂದು ಮಾರುವವರು ಎಲ್ಲ ಊರಲ್ಲೂ ಇದ್ದಾರೆ. ಸವೆತ ನೋಡಬೇಕು. ಸೌಟಾದರೆ ಬಾಯಿಯ ಒಂದು ಮಗ್ಗುಲು ಮಾತ್ರ ಸವೆದಿರುತ್ತದೆ, ಏಕೆಂದರೆ ಕೈ ತಿರುಗಿಸುವುದು ಒಂದೇ ಕಡೆಗೆ. ತಪ್ಪಲೆಯಾದರೆ ತಳದ ಅಂಚು, ಇಕ್ಕಳ ಹಿಡಿಯುವ ಕಂಠ. ಬಾಗಿಲಾದರೆ ಕೈ ಹಾಕಿ ತಳ್ಳುವ ಜಾಗ. ಇದನ್ನು ಕೇಳುತ್ತಿದ್ದ ಹಾಗೆ ನನಗೆ ಧೈರ್ಯ ಬಂತು. ಇದೆಲ್ಲ ನಮಗೆ ಗೊತ್ತಿರುವುದೇ ಅಲ್ಲವೇ? ಮೂವತ್ತು ವರ್ಷ ಅಡುಗೆ ಮಾಡಿದ ಹೆಂಗಸಿಗೆ ಸೌಟು ಎಲ್ಲಿ ಸವೆಯುತ್ತದೆ ಅಂತ ಯಾರೂ ಪಾಠ ಹೇಳಬೇಕಾಗಿಲ್ಲ.

ಎರಡನೆಯದು, ಯಾವ ಮನೆಯಿಂದ ಬಂತು, ಯಾವಾಗ ಕೊಂಡದ್ದು, ಎಷ್ಟು ಕೊಟ್ಟದ್ದು ಎಂದು ಪುಸ್ತಕದಲ್ಲಿ ಬರೆದಿಡಬೇಕು. ಅವರ ಹತ್ತಿರ ಉದ್ದನೆಯ ಲೆಕ್ಕದ ಪುಸ್ತಕಗಳ ಕಟ್ಟೇ ಇತ್ತು. ಕದ್ದ ಮಾಲು ಕೈಗೆ ಬರಬಾರದು ಅನ್ನುವುದು ಒಂದು ಕಾರಣ. ಕೊಳ್ಳುವವರು ಮೊದಲು ಕೇಳುವುದು "ಇದು ಎಲ್ಲಿಯದು" ಅಂತಲೇ, ಅದು ಇನ್ನೊಂದು ಕಾರಣ.

ಅಷ್ಟರಲ್ಲಿ ನಮ್ಮವರು ಒಂದು ಹಿತ್ತಾಳೆ ಬೋಗುಣಿ ತಿರುಗಿಸಿ ನೋಡುತ್ತಿದ್ದರು. ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ತಮಿಳಿನ ಅಕ್ಷರ ಕೊರೆದಿತ್ತು. ನಮ್ಮಲ್ಲೂ ಮದುವೆಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ, ಹಾಗೆಯೇ. ಮನೆತನದ ಇನಿಷಿಯಲ್ ಅಂತೆ. ಆ ಹೆಣ್ಣುಮಗಳು ಯಾರೋ, ಎಷ್ಟು ಮಕ್ಕಳಿಗೆ ಅದರಲ್ಲಿ ಕಲಸಿ ತಿನ್ನಿಸಿದಳೋ! ನಾನು, "ಐಯಾ, ಮಾರಿದವರಿಗೆ ಸಂಕಟ ಆಗಲ್ವೇ?" ಅಂದೆ. ಅವರು ಹೇಳಿದರು: "ಆಗ್ತದೆ ತಾಯಿ. ಕೆಲವು ಆಚ್ಚಿಯರು ಮಾರಿದ ಮೇಲೆ ಬಾಗಿಲವರೆಗೆ ಬಂದು ಇನ್ನೊಂದು ಸಲ ಮುಟ್ಟಿ ನೋಡ್ತಾರೆ. ಕೆಲವರು ದೊಡ್ಡ ಭಾರ ಇಳಿದ ಹಾಗೆ ಬಾಗಿಲು ಹಾಕ್ತಾರೆ. ಎರಡೂ ಕಂಡಿದ್ದೇನೆ. ನಾನು ಚೌಕಾಸಿ ಮಾಡೋದು ಕೊಳ್ಳೋರ ಹತ್ತಿರ, ಮಾರೋರ ಹತ್ತಿರ ಹೆಚ್ಚು ಮಾಡಲ್ಲ."

ನಮ್ಮವರು ಕೊನೆಗೆ ಮುಖ್ಯವಾದ ಪ್ರಶ್ನೆ ಕೇಳಿದರು. "ನಾವೂ ಶುರು ಮಾಡಬಹುದಾ?" ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸ ಸಾಮಾನಿನ ಅಂಗಡಿಯವನು ಮಾಲು ಮುಗಿದರೆ ಫ್ಯಾಕ್ಟರಿಗೆ ಫೋನ್ ಮಾಡ್ತಾನೆ. ನಾನು ಯಾರಿಗೆ ಮಾಡಲಿ? ನಾನು ಚಿಕ್ಕವನಿದ್ದಾಗ ಗಾಡಿಗಟ್ಟಲೆ ಬರ್ತಿತ್ತು. ಈಗ ಒಂದು ಒಳ್ಳೆ ಪೆಟ್ಟಿಗೆಗೆ ನಾಲ್ಕು ಊರು ಸುತ್ತಬೇಕು. ನಿಮ್ಮೂರಲ್ಲಿ ಮಾಡೋ ಕೈ ಇನ್ನೂ ಇದೆ. ಅದನ್ನು ಬಿಟ್ಟು ಇದಕ್ಕೆ ಬರ್ತೀರಾ?" ಅಂದರು.

ಹೋಟೆಲಿಗೆ ವಾಪಸು ಬಂದ ಮೇಲೂ ನಮ್ಮವರು ಆ ಮಾತನ್ನೇ ಯೋಚಿಸುತ್ತಿದ್ದರು.

ಆತ್ತಂಗುಡಿಯ ಹೆಂಚು, ಓಲೆಯ ಬುಟ್ಟಿ

ಮಾರನೇ ದಿನ ಆತ್ತಂಗುಡಿಗೆ ಹೋದೆವು. ನೆಲಕ್ಕೆ ಹಾಕುವ ಬಣ್ಣದ ಹೆಂಚು ಮಾಡುವ ಹಳ್ಳಿ. ಗಾಜಿನ ತಟ್ಟೆಯ ಮೇಲೆ ತಗಡಿನ ಅಚ್ಚು ಇಟ್ಟು, ಸಿಮೆಂಟಿಗೆ ಬಣ್ಣ ಕಲಸಿ, ದೋಸೆ ಹಿಟ್ಟಿನ ಹದದಲ್ಲಿ ಸೌಟಿನಿಂದ ಒಂದೊಂದೇ ಮನೆಗೆ ಹೊಯ್ಯುತ್ತಾರೆ. ಅಚ್ಚು ಎತ್ತಿದರೆ ಕೆಳಗೆ ಹೂವು. ಅದರ ಮೇಲೆ ಒಣ ಮರಳು-ಸಿಮೆಂಟು ಉದುರಿಸಿ, ಆಮೇಲೆ ಹಸಿ ಗಾರೆ ಹಾಕಿ ಮಟ್ಟ ಮಾಡಿ, ಒಣಗಿಸಿ, ನೀರಿನ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಗಾಜು ಬಿಟ್ಟುಕೊಂಡಾಗ ಮುಖ ನುಣ್ಣಗೆ. ಒಲೆ ಇಲ್ಲ, ಬೆಂಕಿ ಇಲ್ಲ, ಕರೆಂಟೂ ಇಲ್ಲ. ಹಳೇ ಮನೆಗಳ ನೆಲದಲ್ಲಿರುವ ಚಿತ್ತಾರವನ್ನೇ ಇವತ್ತೂ ಹೊಯ್ಯುತ್ತಾರೆ, ಹೊಸ ಮನೆಯವರು ಬಂದು ಕೊಳ್ಳುತ್ತಾರೆ.

ತಾಳೆಯೋಲೆಯ ಕೊಟ್ಟಾನ್ ಎಂಬ ಬುಟ್ಟಿಯದೂ ಇದೇ ಕಥೆ. ಹಿಂದೆ ಮನೆಯ ಆಚ್ಚಿಯರೇ ಮಧ್ಯಾಹ್ನದ ಬಿಡುವಿನಲ್ಲಿ ಓಲೆ ಸೀಳಿ, ಬಣ್ಣ ಹಾಕಿ, ಮಣಿ ಕೂರಿಸಿ ಮದುವೆಗೆ ಹೆಣೆಯುತ್ತಿದ್ದರು. ಕಾಲಕ್ರಮದಲ್ಲಿ ಅದು ನಿಂತೇ ಹೋಗುವುದರಲ್ಲಿತ್ತು. ವಿಶಾಲಾಕ್ಷಿ ರಾಮಸ್ವಾಮಿ ಎಂಬ ಮಹಿಳೆ ತಮ್ಮ ಸಂಸ್ಥೆಯ ಮೂಲಕ ಹಳೇ ಬುಟ್ಟಿಗಳನ್ನು ಮಾದರಿಯಾಗಿ ಇಟ್ಟುಕೊಂಡು ಹಳ್ಳಿಯ ಹೆಂಗಸರಿಗೆ ಕಲಿಸಿ, ಮತ್ತೆ ಹೆಣೆಯುವ ಹಾಗೆ ಮಾಡಿದರು. ಹಾಗೆಯೇ ಇಲ್ಲಿನ ಕಂಡಾಂಗಿ ಸೀರೆ. ದಪ್ಪ ಹತ್ತಿ ನೂಲು, ಅಗಲ ಅಂಚು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಮ್ಮ ಚನ್ನಪಟ್ಟಣದ ಬೊಂಬೆಗೆ ಅದೇ ಮಾನ್ಯತೆ 2005-06ರಲ್ಲೇ ಸಿಕ್ಕಿದೆ.

ನಾನು ಎರಡು ಕೊಟ್ಟಾನ್ ಕೊಂಡೆ. ಆಂಟಿಕ್ ಸಾಮಾನು ಒಂದೂ ಕೊಳ್ಳಲಿಲ್ಲ. ಊಟದ ವಿಷಯ ಹೇಳದಿದ್ದರೆ ನೀವು ಬೇಜಾರು ಮಾಡಿಕೊಳ್ಳುತ್ತೀರಿ. ನಮ್ಮ ಪಡ್ಡಿನಂಥ ಪಣಿಯಾರ, ಕವುಣಿ ಅಕ್ಕಿಯ ಸಿಹಿ ತಪ್ಪದೆ ತಿನ್ನಿ. ಕವುಣಿ ಎಂದರೆ ಕಪ್ಪು ಅಕ್ಕಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಬಿಸಿ ಇರುವಾಗಲೇ ಸಕ್ಕರೆ, ಹಸಿ ತೆಂಗಿನತುರಿ, ತುಪ್ಪ, ಏಲಕ್ಕಿ ಬೆರೆಸಿದರೆ ಆಯಿತು. ಅಷ್ಟೇ ಸುಲಭ.

ಊರಿಗೆ ಬಂದ ಮೇಲೆ

ಮನೆಗೆ ಬಂದು ಅತ್ತೆಯವರ ಮುಂದೆ ಎಲ್ಲ ಹೇಳಿದೆವು. ಅತ್ತೆಗೆ ಎಪ್ಪತ್ತಾರು. ನೇರ ಮಾತು. "ಹಂಡೆ ಮಾರ್ಕೊಳ್ಳಿ. ಗೀಸರ್ ಬಂದ್ಮೇಲೆ ಅದಕ್ಕೆ ನೀರು ಹಾಕಿದೋರ್ಯಾರು? ಕಂಚಿನ ತಟ್ಟೆ ನನ್ನ ಮೊಮ್ಮಗನ ಹೆಂಡ್ತಿಗೆ. ಅಟ್ಟದ ಮೇಲಿನ ಬುಟ್ಟಿ ಮಾತ್ರ ಮುಟ್ಟಬೇಡಿ" ಅಂದರು.

ಹಂಡೆಯನ್ನು ದಲ್ಲಾಳಿಗೆ ಕೊಡದೆ ನಮ್ಮ ಅಂಗಡಿಯಲ್ಲೇ ಇಟ್ಟೆವು. ಅತ್ತೆಯ ಮದುವೆಯ ಹಂಡೆ, ಎಲ್ಲಿ ಕೊಂಡದ್ದು, ಯಾವ ವರ್ಷ ಅಂತ ಚೀಟಿ ಬರೆದು ಕಟ್ಟಿದೆ. ಮೂರನೇ ವಾರ ಮೈಸೂರಿನ ದಂಪತಿ ಕೊಂಡರು. ದಲ್ಲಾಳಿ ಹೇಳಿದ್ದಕ್ಕಿಂತ ಚೆನ್ನಾಗಿಯೇ ಬಂತು, ಮಗನ ಆ ಸಲದ ಫೀಸು ಅದರಲ್ಲೇ ಹೋಯಿತು. ಸಂತೋಷವೇ. ಆದರೆ ಬಚ್ಚಲಿನ ಒಲೆಯ ಮೇಲೆ ಹಂಡೆ ಕೂತಿದ್ದ ಜಾಗದಲ್ಲಿ ಈಗ ಒಂದು ದುಂಡು ಗುರುತಿದೆ ಅಷ್ಟೇ. ಮುಂದಿನ ಫೀಸಿಗೆ ಇನ್ನೊಂದು ಹಂಡೆ ಎಲ್ಲಿಂದ ತರೋಣ? ಕಾರೈಕುಡಿಯ ಯಜಮಾನರ ಮಾತು ನಮ್ಮವರಿಗೆ ಪೂರ್ತಿ ಅರ್ಥವಾದದ್ದು ಆಗ.

ಅಟ್ಟದ ಬುಟ್ಟಿಯಲ್ಲಿ ಏನಿತ್ತು ಗೊತ್ತೇ? ಅತ್ತೆ ಚಿಕ್ಕಂದಿನಲ್ಲಿ ಆಡಿದ ಅರಗಿನ ಬಣ್ಣದ ಅಡುಗೆ ಸಾಮಾನು. ಹೆಬ್ಬೆರಳಷ್ಟು ಒರಳು, ಬೀಸೋ ಕಲ್ಲು, ಮೊಸರು ಗಡಿಗೆ, ಅದಕ್ಕೆ ಕಡೆಗೋಲು, ಮುಚ್ಚಳವಿರುವ ತಪ್ಪಲೆ, ಒಂದು ಜೊತೆ ಚೊಂಬು. ನಮ್ಮ ಅಂಗಡಿಯಲ್ಲೇ ಇಷ್ಟು ವರ್ಷ ರೈಲು, ಕಾರು, ಗಿಲಕಿ ಮಾರಿದ್ದೇವೆ. ಈ ಆಕಾರದವು ನಾನು ನೋಡಿರಲಿಲ್ಲ. ನಮಗೆ ಇಪ್ಪತ್ತು ವರ್ಷದಿಂದ ಸಾಮಾನು ಮಾಡಿಕೊಡುವ ಹಿರಿಯ ಕಸುಬುದಾರರನ್ನು ಮನೆಗೆ ಕರೆದು ತೋರಿಸಿದೆವು. ಅವರು ಒಂದೊಂದನ್ನೂ ಅಂಗೈಯಲ್ಲಿಟ್ಟು ತಿರುಗಿಸಿ, "ಈ ಕಡೆಗೋಲಿನ ಹಲ್ಲು ನಮ್ಮ ಅಬ್ಬಾ ಮಾಡ್ತಿದ್ರು ಬೆಹೆನ್. ನಾನು ಮಾಡಿ ಮೂವತ್ತು ವರ್ಷ ಆಯ್ತು" ಅಂದರು. ಸಾಮಾನನ್ನು ತೆಗೆದುಕೊಂಡು ಹೋಗಲು ಅತ್ತೆ ಬಿಡಲಿಲ್ಲ. ಅವರು ನಮ್ಮ ಜಗಲಿಯಲ್ಲೇ ಕೂತು ಅಳತೆ ಬರೆದುಕೊಂಡರು.

ಹದಿನೈದು ದಿನಕ್ಕೆ ಮೊದಲ ಸೆಟ್ಟು ಬಂತು. ಅತ್ತೆ ಕಡೆಗೋಲನ್ನು ಗಡಿಗೆಯಲ್ಲಿಟ್ಟು ಎರಡು ಸುತ್ತು ತಿರುಗಿಸಿ ನೋಡಿ, "ಹಿಡಿ ಒಂಚೂರು ದಪ್ಪ ಆಯ್ತು" ಅಂದರು. ತಿದ್ದಿ ಮಾಡಿಸಿದೆವು. ಈಗ ಅಂಗಡಿಯ ಗಾಜಿನ ಬೀರುವಿನಲ್ಲಿ ಅತ್ತೆಯ ಹಳೇ ಸೆಟ್ಟು ನೋಡುವುದಕ್ಕೆ, ಕೆಳಗಿನ ಶೆಲ್ಫಿನಲ್ಲಿ ಹೊಸ ಸೆಟ್ಟು ಮಾರುವುದಕ್ಕೆ. ಆ ವರ್ಷದ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಿಂದಲೇ ಐವತ್ತಕ್ಕೆ ಎರಡು ಕಡಿಮೆ ಸೆಟ್ಟು ಹೋಯಿತು. ಮಗ ಫೋನಿನಲ್ಲಿ ಚಿತ್ರ ಕಳಿಸಿ, ಪಾರ್ಸೆಲ್ ಕಟ್ಟುತ್ತಾನೆ. ಹಳೆ ರಸ್ತೆಯಲ್ಲಿ ಕಳೆದುಹೋದ ಗಿರಾಕಿಯೆಲ್ಲ ವಾಪಸು ಬಂದಿಲ್ಲ. ತಿಂಗಳಲ್ಲಿ ಎರಡು ವಾರ ಇನ್ನೂ ಕೈ ಬಿಗಿ ಹಿಡಿಯಬೇಕು. ಆದರೆ ಈಗ ಬರುವವರು ಬೈಪಾಸಿನಿಂದ ಇಳಿದು, ಹೆಸರು ಕೇಳಿಕೊಂಡು, ಇದಕ್ಕೆಂದೇ ಬರುತ್ತಾರೆ.

ನೀವೂ ಶುರು ಮಾಡುವುದಾದರೆ

ಅಟ್ಟದಲ್ಲಿ ಹಳೇ ಸಾಮಾನು ಇದ್ದು, ಮನೆಯ ಮುಂದೆ ಒಂದು ಕೋಣೆ ಇದ್ದು, ಅಂಗಡಿಯ ಯೋಚನೆ ನಿಮಗೂ ಇದ್ದರೆ ಕೆಲವು ವಿಷಯ ತಿಳಿದಿರಲಿ.

ಪುರಾತನ ವಸ್ತುಗಳಿಗೆಂದೇ 1972ರ ಕಾಯ್ದೆಯೊಂದಿದೆ. 1976ರ ಏಪ್ರಿಲಿನಿಂದ ಜಾರಿಯಲ್ಲಿದೆ. ನೂರು ವರ್ಷ ತುಂಬಿದ ಶಿಲ್ಪ, ಚಿತ್ರ, ಲೋಹದ ಕಲಾವಸ್ತು ಮುಂತಾದವು ಅದರ ಕೆಳಗೆ ಬರುತ್ತವೆ. ಬೆಲೆಯುಳ್ಳ ಹಸ್ತಪ್ರತಿಯಾದರೆ 75 ವರ್ಷವೇ ಸಾಕು. ಇಂಥವುಗಳ ವ್ಯಾಪಾರಕ್ಕೆ ಪುರಾತತ್ವ ಇಲಾಖೆಯ ಲೈಸೆನ್ಸ್ ಬೇಕು. ವಿಗ್ರಹ, ಚಿತ್ರಪಟ, ಚಿತ್ರವಿರುವ ಹಸ್ತಪ್ರತಿಗಳನ್ನು ಮನೆಯಲ್ಲಿಟ್ಟುಕೊಂಡರೂ ನೋಂದಣಿ ಮಾಡಿಸಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆದ್ದರಿಂದ ನೂರು ವರ್ಷದೊಳಗಿನ ಮನೆಬಳಕೆಯ ಸಾಮಾನಿಗೇ ಇರುವುದು ಕ್ಷೇಮ. ಆನೆದಂತ, ಜಿಂಕೆ ಕೊಂಬು ಎಷ್ಟೇ ಹಳೆಯದಾದರೂ ವ್ಯಾಪಾರಕ್ಕೆ ಇಡಬೇಡಿ, ಅದು ವನ್ಯಜೀವಿ ಕಾಯ್ದೆಗೆ ವಿರುದ್ಧ. ದೇವಸ್ಥಾನದ್ದು ಅಂತ ಯಾರಾದರೂ ಏನಾದರೂ ತಂದರೆ ಕೈ ಮುಗಿದು ವಾಪಸು ಕಳಿಸಿ.

ಕೊಂಡದ್ದಕ್ಕೂ ಮಾರಿದ್ದಕ್ಕೂ ರಸೀದಿ ಇರಲಿ. ಅಂಗಡಿಯ ದುಡ್ಡು, ಮನೆಯ ದುಡ್ಡು ಬೇರೆ ಬೇರೆ ಡಬ್ಬಿಯಲ್ಲಿರಲಿ. ಇದು ಚಿಕ್ಕ ವಿಷಯವಲ್ಲ, ತರಕಾರಿಗೆ ಗಲ್ಲಾಪೆಟ್ಟಿಗೆಗೆ ಕೈ ಹಾಕುವ ಅಭ್ಯಾಸವಾದರೆ ಲಾಭವೋ ನಷ್ಟವೋ ಗೊತ್ತಾಗುವುದೇ ಇಲ್ಲ.

ಹಿತ್ತಾಳೆ, ತಾಮ್ರಕ್ಕೆ ಹುಣಿಸೆಹಣ್ಣು ಸಾಕು, ಆಸಿಡ್ ಬೇಡ. ಅಡುಗೆಗೆ ಬಳಸುವುದಾದರೆ ಒಳಗೆ ಕಲಾಯಿ ಹಾಕಿಸಿ. ಎನಾಮಲ್ ಪಾತ್ರೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಚಕ್ಕೆ ಎದ್ದ ಪಾತ್ರೆ ಅಲಂಕಾರಕ್ಕೆ ಮಾತ್ರ. ಅರಗಿನ ಸಾಮಾನಿಗೆ ಬಿಸಿಲು, ಬಿಸಿ ಎರಡೂ ಆಗದು. ಒಣ ಬಟ್ಟೆಯಲ್ಲಿ ಒರೆಸಿದರೆ ಮಿರುಗು ಹಾಗೇ ಉಳಿಯುತ್ತದೆ.

ಎಲ್ಲಕ್ಕಿಂತ ಮೊದಲು, ಯಾವುದನ್ನು ಮಾರುವುದು, ಯಾವುದನ್ನು ಮಾದರಿಯಾಗಿ ಇಟ್ಟುಕೊಳ್ಳುವುದು ಅಂತ ಮನೆಯವರೆಲ್ಲ ಕೂತು ವಿಂಗಡಿಸಿ. ಮನೆಯ ಹಿರಿಯರನ್ನು ಕೇಳಿ. ಯಾವ ಊರಿನಲ್ಲಿ ಆ ಸಾಮಾನು ಮಾಡುವ ಕೈ ಇನ್ನೂ ಇದೆಯೋ ಅಲ್ಲಿಗೆ ಹಳೆಯದನ್ನು ಒಯ್ದು ತೋರಿಸಿ. ಹಂಡೆ ಒಂದು ಸಲ ಹೋಯಿತು. ಕಡೆಗೋಲು ಪ್ರತಿ ವಾರ ಹೊಸದಾಗಿ ಬರುತ್ತಿದೆ.

ಕಾರೈಕುಡಿಗೆ ಹೋಗುವವರು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ; ಆಮೇಲೆ ಬಿಸಿಲು ಸಹಿಸಲಾಗದು. ಊರು ನೋಡಲು ಎರಡು ದಿನ ಸಾಕು. ಒಂದು ದಿನ ಆತ್ತಂಗುಡಿ ಮತ್ತು ಕಾನಾಡುಕಾತ್ತಾನಿನ ದೊಡ್ಡ ಮನೆಗಳಿಗೆ, ಒಂದು ದಿನ ಬೀದಿಗೆ. ಅಂಗಡಿಗೆ ಹೋದಾಗ ಪಾತ್ರೆಯ ಕಂಠ ತಿರುಗಿಸಿ ಹೆಸರು ಇದೆಯೇ ನೋಡಿ. ಹಾಗೆಯೇ ಮೈಸೂರಿಗೆ ಹೋಗುವಾಗ ಒಮ್ಮೆ ಬೈಪಾಸಿನಿಂದ ಇಳಿದು ನಮ್ಮ ಹಳೆ ರಸ್ತೆಗೂ ಬನ್ನಿ. ಕೊಳ್ಳಲೇಬೇಕೆಂದೇನಿಲ್ಲ. ಮಕ್ಕಳಿಗೆ ಬೀಸೋ ಕಲ್ಲು ತಿರುಗಿಸಲು ಕೊಡುತ್ತೇವೆ, ನಿಮಗೆ ಕಾಫಿ ಕೊಡುತ್ತೇವೆ.